ಗೋಡೆಗೆಂದು ಬರೆದ ನಕ್ಷೆ

ಹದಿನೇಳನೆಯ ತಾರೀಖು, ಭಾನುವಾರ
ಬೆಳಿಗ್ಗೆ ಹತ್ತೂವರೆ

ಪ್ರೀತಿಯ ಮಗಳಿಗೆ,

ನಿನ್ನ ಅತ್ತೆ ಮಾಡುವ ಆಶೀರ್ವಾದಗಳು. ಪುಟ್ಟಿಯ ಎರಡೂ ಕೆನ್ನೆಗೆ ನನ್ನದೊಂದೊಂದು ಮುತ್ತು ಕೊಡು. ನಿನ್ನ ತಾಯಿಗೆ ನನ್ನ ನಮಸ್ಕಾರ ತಿಳಿಸು, ಅವರ ಮಂಡಿನೋವು ಈಗ ಹೇಗಿದೆ ಎಂದು ಬರೆ.

ನಿನ್ನ ಎರಡು ಪತ್ರಗಳೂ ಬಂದಿವೆ. ಮೊದಲನೆಯದು ಬಂದು ಇಪ್ಪತ್ತಾರು ದಿನವಾಯಿತು, ಎರಡನೆಯದು ಬಂದು ಒಂಬತ್ತು. ‘ಫೋನ್ ಮಾಡಿದರೆ ನೀವು ಎತ್ತುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ’ ಎಂದು ಶುರು ಮಾಡಿದ್ದೀಯ. ಹೌದು, ಎತ್ತಲಿಲ್ಲ. ಫೋನು ಬಡಿದುಕೊಳ್ಳುವಾಗ ಅದರ ಎದುರೇ ಕೂತು ನೋಡುತ್ತಿದ್ದೆ. ಕಣ್ಣಿನ ತೊಂದರೆ, ಆಫೀಸಿನ ಕೆಲಸ ಎಂದು ಏನಾದರೊಂದು ನೆಪ ಬರೆಯಬಹುದು, ನೀನು ನಂಬುವವಳೂ ಹೌದು. ಬೇಡ. ತಡವಾದದ್ದು ಹೆದರಿಕೆಯಿಂದ. ಕ್ಷಮಿಸು ಎಂದು ಈಗಲೇ ಕೇಳುವುದಿಲ್ಲ, ಪೂರ್ತಿ ಓದಿದ ಮೇಲೆ ನಿನಗೇ ಬಿಟ್ಟದ್ದು.

ಮನೆಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ನೀನು ಹೋದ ಮೇಲೆ ಅಡುಗೆಮನೆಯ ಡಬ್ಬಿಗಳನ್ನು ಮತ್ತೆ ಎತ್ತರದ ಪ್ರಕಾರ ಜೋಡಿಸಿದೆ. ಒಂದು ವಾರ ಹಾಗೇ ನೋಡಿದೆ, ಆಮೇಲೆ ನೀನು ಇಡುತ್ತಿದ್ದ ಹಾಗೆ ಅಡ್ಡಾದಿಡ್ಡಿ ಮಾಡಿಟ್ಟೆ. ಉಪ್ಪು ಹುಡುಕಲು ಐದು ನಿಮಿಷ ಬೇಕಾಗುತ್ತದೆ, ಆದರೂ ಇರಲಿ ಎನಿಸಿತು. ಮಹಡಿ ಮನೆಯ ಹೆಂಗಸು ದಿನಕ್ಕೊಮ್ಮೆ ಬಂದು ಬಾಗಿಲಲ್ಲಿ ನಿಂತು, ‘ಸೊಸೆ ಯಾವಾಗ ಬರ್ತಾಳೆ? ಬರ್ತಾಳೆ ತಾನೇ?’ ಎಂದು ಕೇಳುತ್ತಾಳೆ. ಆಕೆಗೆ ಬೇಕಾದದ್ದು ಉತ್ತರವಲ್ಲ, ನನ್ನ ಮುಖ. ಹಾಲು ಒಲೆಯ ಮೇಲಿದೆ ಎಂದು ಬಾಗಿಲು ಹಾಕಿಕೊಳ್ಳುತ್ತೇನೆ.

ಈಗ ನಿನ್ನ ಪತ್ರದ ವಿಷಯ. ಎರಡನೆಯ ಪತ್ರದ ಕೊನೆಯಲ್ಲಿ, ಕಾಗದ ಒದ್ದೆಯಾದ ಕಡೆ, ನೀನು ಬರೆದಿದ್ದೀಯ: ‘ಅತ್ತೆ, ಅವತ್ತು ಬೆಳಿಗ್ಗೆ ನಾನು ಬಾಯಿ ಮುಚ್ಚಿಕೊಂಡಿದ್ದಿದ್ದರೆ ಅವರು ಬದುಕಿರುತ್ತಿದ್ದರು. ನೀವು ಹೇಳಿದ್ದು ಸರಿ.’ ಆ ಸಾಲನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ನಾನು ಹೇಳಿದ್ದು ಸರಿಯಲ್ಲ, ಮಗಳೇ. ಸರಿಯಲ್ಲ ಎಂದು ಹೇಳುವಾಗಲೇ ನನಗೆ ಗೊತ್ತಿತ್ತು. ಈ ಪತ್ರ ಬರೆಯುತ್ತಿರುವುದೇ ಅದನ್ನು ಹೇಳಲಿಕ್ಕೆ.

ಆ ಬೆಳಿಗ್ಗೆಯ ಜಗಳ ನನಗೂ ಕೇಳಿಸಿತ್ತು. ಬಚ್ಚಲಿನ ನಲ್ಲಿ ಮೂರು ವಾರದಿಂದ ಸೋರುತ್ತಿತ್ತು, ನನ್ನ ಮಗ ಇವತ್ತು ನಾಳೆ ಎಂದು ತಳ್ಳುತ್ತಿದ್ದ. ನೀನು ರೇಗಿ, ‘ಊರಿನ ಕರೆಂಟೆಲ್ಲ ರಿಪೇರಿ ಮಾಡ್ತೀರಿ, ಸ್ವಂತ ಮನೆ ನಲ್ಲಿ ಕಾಣಲ್ಲ. ನೀವು ಮನೇಲಿದ್ರೂ ಒಂದೇ, ಇಲ್ದಿದ್ರೂ ಒಂದೇ’ ಅಂದೆ. ಅವನು ತಿಂಡಿ ತಟ್ಟೆ ಸರಿಸಿ ಎದ್ದುಹೋದ. ಇಷ್ಟೇ. ಇಂಥ ಜಗಳ ಯಾರ ಮನೆಯಲ್ಲಿಲ್ಲ? ನಿನ್ನ ಮಾವನಿಗೆ ನಾನು ಇದಕ್ಕಿಂತ ದೊಡ್ಡ ಮಾತುಗಳನ್ನು ಆಡಿದ್ದೇನೆ. ಅವರು ಆಮೇಲೂ ಇಪ್ಪತ್ತು ವರ್ಷ ಗಟ್ಟಿಯಾಗಿಯೇ ಇದ್ದರು.

ಆಸ್ಪತ್ರೆಯ ಮೊಗಸಾಲೆಯಲ್ಲಿ, ಅವನ ಜೊತೆ ಕೆಲಸ ಮಾಡುವವರೆಲ್ಲ ನಿಂತಿರುವಾಗ, ನಾನು ನಿನ್ನ ಕಡೆ ತಿರುಗಿ, ‘ಬೆಳಿಗ್ಗೆ ಬೆಳಿಗ್ಗೆನೇ ಅವನ ತಲೆ ಕೆಡಿಸಿ ಕಳಿಸಿದೆಯಲ್ಲ’ ಅಂದೆ. ನೀನು ಮಗುವನ್ನು ಎತ್ತಿಕೊಂಡು ಗೋಡೆಗೆ ಒರಗಿದ್ದೆ. ನಿನ್ನ ಬಾಯಿಗೆ ಬೀಗ ಬಿದ್ದದ್ದು ಆಗಲೇ. ಅದೇ ಮಾತನ್ನು ಅಲ್ಲಿದ್ದ ಅವನ ಮೇಸ್ತ್ರಿ ಕೇಳಿಸಿಕೊಂಡ, ಅಪಘಾತದ ವಿಚಾರಣೆಗೆ ಬಂದವರ ಮುಂದೆ ಹೇಳಿದ. ಈಗ ಅವರ ಕರಡು ವರದಿಯಲ್ಲಿ, ‘ಕೌಟುಂಬಿಕ ಚಿಂತೆಯಿಂದ ಕೆಲಸಗಾರನ ಗಮನ ತಪ್ಪಿದ್ದು ಅಪಘಾತಕ್ಕೆ ಕಾರಣ’ ಎಂದು ಅಚ್ಚಾಗಿ ಕೂತಿದೆ. ಆ ವಾಕ್ಯ ಹುಟ್ಟಿದ್ದು ನನ್ನ ಬಾಯಿಂದ.

ಕಾರಣ ನಿನ್ನ ಜಗಳವಲ್ಲ. ನನ್ನ ನಕ್ಷೆ. ನಿನಗೆ ಅರ್ಥವಾಗುವ ಹಾಗೆ ಹೇಳಲು ನೋಡುತ್ತೇನೆ, ನಡುವೆ ಬಿಡಬೇಡ.

ನಾನು ಮೂವತ್ತೊಂದು ವರ್ಷದಿಂದ ನೆಲದಡಿಯ ಕರೆಂಟು ಕೇಬಲ್‌ಗಳ ನಕ್ಷೆ ಬರೆಯುತ್ತಿದ್ದೇನೆ ಎಂಬುದು ನಿನಗೆ ಗೊತ್ತು. ಮೊದಲು ಶಾಯಿ ಪೆನ್ನಿನಲ್ಲಿ, ಈಗ ಕಂಪ್ಯೂಟರಿನಲ್ಲಿ. ನಮ್ಮಲ್ಲಿ ಎರಡು ಬಗೆಯ ನಕ್ಷೆ ಇವೆ. ಒಂದು ಅಗೆತದ ಹಾಳೆಗಳು: ದೊಡ್ಡ ದೊಡ್ಡ ಹನ್ನೊಂದು ಹಾಳೆ. ಯಾವ ಕೇಬಲ್ ಯಾವ ಗೋಡೆಯಿಂದ ಎಷ್ಟು ಅಡಿ ದೂರ, ಎಷ್ಟು ಅಡಿ ಆಳ ಎಂದು ಅದರಲ್ಲಿ ಬರೆದಿರುತ್ತದೆ. ನಿನ್ನ ಗಂಡನಂಥವರು ಗುದ್ದಲಿ ಹಾಕಬೇಕಾದದ್ದು ಅದನ್ನು ನೋಡಿ. ಇನ್ನೊಂದು ಗೋಡೆ ನಕ್ಷೆ. ಅದು ಕಂಟ್ರೋಲ್ ರೂಮಿನ ಗೋಡೆಗೆ. ಯಾವ ಬಡಾವಣೆಗೆ ಎಲ್ಲಿಂದ ಕರೆಂಟು ಹೋಗುತ್ತದೆ ಎಂದು ಕುರ್ಚಿಯಲ್ಲಿ ಕೂತವರಿಗೆ ಒಂದೇ ನೋಟಕ್ಕೆ ತಿಳಿಯಬೇಕು, ಅಷ್ಟೇ ಅದರ ಕೆಲಸ.

ಕಳೆದ ವರ್ಷ ಬಂದ ದೊಡ್ಡ ಸಾಹೇಬರು ಹಳೆಯ ಗೋಡೆ ನಕ್ಷೆಯ ಮುಂದೆ ನಿಂತು ಮೂಗು ಮುರಿದರು. ‘ಇದೇನಮ್ಮ, ನಕ್ಷೆನೋ ಕೂದಲು ಸಿಕ್ಕೋ? ಕಣ್ಣಿಟ್ಟರೆ ತಲೆ ತಿರುಗುತ್ತೆ. ಮೇಲಿನವರು ಬಂದು ನೋಡೋದಿದೆ, ಸ್ವಲ್ಪ ಗೋಜಲು ಕಡಿಮೆ ಮಾಡಿ’ ಅಂದರು. ನನಗೆ ಅವಮಾನವಾಯಿತು. ಅವರು ಹೇಳಿದ್ದು ಸುಳ್ಳೇನೂ ಅಲ್ಲ. ಊರಿನ ಮೇಲೆ ಮುನ್ನೂರು ಚಿಲ್ಲರೆ ಗೆರೆ, ಒಂದರ ಮೇಲೊಂದು ಹಾದು, ನಡುವೆ ಇರುವೆ ಸಾಲಿನಂಥ ಅಕ್ಷರ. ನನ್ನಂಥ ಓರಣದ ಹುಚ್ಚಿರುವವಳಿಗೆ ಅದನ್ನು ಸರಿಮಾಡುವ ಕೆಲಸ ಸಿಕ್ಕಿದರೆ ಕೇಳಬೇಕೇ?

ಗೆರೆಗಳನ್ನು ಜಡೆ ಹೆಣೆಯುವುದು ಎಂದು ನಾನು ಅದಕ್ಕೆ ಹೆಸರಿಟ್ಟಿದ್ದೆ. ಪುಟ್ಟಿಯ ಕೂದಲನ್ನು ನೀನು ಬಾಚುವುದಿಲ್ಲವೇ, ಹಾಗೆಯೇ. ಹೆಚ್ಚು ಕಡಿಮೆ ಒಂದೇ ಕಡೆಗೆ ಹೋಗುವ ಗೆರೆಗಳನ್ನು ಹತ್ತಿರ ಹತ್ತಿರ ಎಳೆದು ಒಂದೇ ಕಟ್ಟು ಮಾಡುವುದು. ಹತ್ತು ತೆಳು ಗೆರೆಯ ಬದಲು ಒಂದು ದಪ್ಪ ಗೆರೆ ಕಾಣುತ್ತದೆ, ಕೊನೆಯಲ್ಲಿ ಮತ್ತೆ ಬಿಡಿಬಿಡಿಯಾಗಿ ತಮ್ಮ ತಮ್ಮ ಜಾಗಕ್ಕೆ ಹೋಗುತ್ತವೆ. ಹೀಗೆ ಎಳೆದಾಗ ಗೆರೆ ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟುತ್ತದೆ ಎಂಬುದು ನಿಜವಾಗಿಯೇ ಉಳಿಯುತ್ತದೆ. ನಡುವಿನ ದಾರಿ ಮಾತ್ರ ಸುಳ್ಳಾಗುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಅಂಟಿಸುವ ಮಾರ್ಗಗಳ ಚಿತ್ರವನ್ನು ನೋಡಿ ಯಾರೂ ರಸ್ತೆಯ ತಿರುವು ಹುಡುಕುವುದಿಲ್ಲವಲ್ಲ, ಇದೂ ಹಾಗೇ ಎಂದುಕೊಂಡಿದ್ದೆ.

ಎಷ್ಟು ಎಳೆಯಬೇಕು ಎಂದು ಕಂಪ್ಯೂಟರಿಗೆ ನಾವು ಒಂದು ಸಂಖ್ಯೆ ಕೊಡಬೇಕು. ಮೊದಲು ಮೂವತ್ತು ಕೊಟ್ಟೆ, ಪರವಾಗಿಲ್ಲ ಎನಿಸಿತು. ಐವತ್ತು ಕೊಟ್ಟೆ, ಚೆನ್ನಾಗಿ ಕಂಡಿತು. ಎಂಬತ್ತು ಕೊಟ್ಟಾಗ ಇಡೀ ಊರು ಆರು ಜಡೆಯಾಗಿ ಪರದೆಯ ಮೇಲೆ ಬಂತು. ಎಷ್ಟು ಚಂದ ಇತ್ತು ಅಂತೀಯ! ಪಕ್ಕದ ಮೇಜಿನವರನ್ನು ಕರೆದು ತೋರಿಸಿದೆ. ಮೂವತ್ತೊಂದು ವರ್ಷದಲ್ಲಿ ನನ್ನ ಕೆಲಸವನ್ನು ನಾನೇ ಮೆಚ್ಚಿಕೊಂಡದ್ದು ಅದೊಂದೇ ದಿನ.

ಸಾಹೇಬರು ನೋಡಿ, ‘ಬಹಳ ಚೆನ್ನಾಗಿದೆ. ಅಕ್ಷರ ಇನ್ನೂ ಸ್ವಲ್ಪ ಜಾಸ್ತಿ ಆಯ್ತು, ಅಲ್ವಾ?’ ಅಂದರು. ನಾನು ಒಂದೊಂದೇ ಅಕ್ಷರ ಅಳಿಸುತ್ತ ಬಂದೆ. ಸಣ್ಣ ರಸ್ತೆಗಳ ಹೆಸರು ತೆಗೆದೆ. ಕೇಬಲ್‌ಗಳ ನಂಬರು ತೆಗೆದೆ. ಕೆಳಗೆ ಎಡಮೂಲೆಯಲ್ಲಿ ಎರಡು ಸಾಲಿತ್ತು, ನನ್ನ ಗುರುಗಳ ಕಾಲದಿಂದಲೂ ಎಲ್ಲ ಗೋಡೆ ನಕ್ಷೆಗಳ ಮೇಲೂ ಇರುತ್ತಿದ್ದದ್ದು: ‘ಗೆರೆಗಳ ದಾರಿ ಅಂದಾಜಿನದು. ಅಗೆಯಲು ಈ ನಕ್ಷೆ ಬಳಸಬಾರದು.’ ಗೋಡೆಯ ಮೇಲಿರುವ ನಕ್ಷೆಯನ್ನು ಯಾರು ಹೊತ್ತುಕೊಂಡು ಹೋಗಿ ಅಗೆಯುತ್ತಾರೆ ಎಂದು ನಗು ಬಂತು. ಆ ಎರಡು ಸಾಲು ಎಡಮೂಲೆಯ ಜಡೆಗೆ ತಾಗಿಕೊಂಡು ಕಣ್ಣಿಗೆ ಚುಚ್ಚುತ್ತಿತ್ತು. ಅದನ್ನೂ ತೆಗೆದೆ.

ಆಮೇಲೆ ಆದದ್ದು ನಿನಗೆ ಅರ್ಧ ಗೊತ್ತು. ನಕ್ಷೆ ಎಲ್ಲರಿಗೂ ಹಿಡಿಸಿತು. ಸಾಹೇಬರ ಕಚೇರಿಯವರು ಅದನ್ನು ಸಣ್ಣದಾಗಿ ಅಚ್ಚು ಹಾಕಿಸಿ, ಪ್ಲಾಸ್ಟಿಕ್ ಹೊದಿಸಿ, ಕೇಳಿದವರಿಗೆಲ್ಲ ಕೊಟ್ಟರು. ಅಗೆಯುವವರ ಮೇಸ್ತ್ರಿಗೂ ಐದು ಸಿಕ್ಕಿತು. ಅವನು, ‘ಹನ್ನೊಂದು ಹಾಳೆ ಬಿಚ್ಚಿದ್ರೆ ಗಾಳಿಗೆ ಹಾರ್ತಾವೆ, ಮಳೆ ಬಂದ್ರೆ ಮುದ್ದೆ ಆಗ್ತಾವೆ. ಇದಾದ್ರೆ ಜೇಬಲ್ಲಿ ಕೂರುತ್ತೆ’ ಅಂದನಂತೆ. ಹಾಳೆಗಳು ಗಾಡಿಯ ಪೆಟ್ಟಿಗೆಯಲ್ಲೇ ಉಳಿದವು.

ಅದರಲ್ಲೊಂದನ್ನು ನಿನ್ನ ಗಂಡ ಮನೆಗೆ ತಂದದ್ದು ನೆನಪಿದೆಯೇ? ಊಟದ ಮೇಜಿನ ಮೇಲೆ ಹಾಸಿ, ‘ನೋಡೇ, ನಮ್ಮಮ್ಮ ಬರೆದಿದ್ದು. ನಮ್ಮ ಹುಡುಗರೆಲ್ಲ ಇದನ್ನೇ ಹಿಡ್ಕೊಂಡು ಓಡಾಡ್ತಾರೆ’ ಎಂದು ನಿನಗೆ ತೋರಿಸಿದ. ನೀನು, ‘ಅತ್ತೆ ಡಬ್ಬಿ ಜೋಡಿಸಿದ ಹಾಗೇ ಇದೆ’ ಎಂದು ನಕ್ಕೆ. ನಾನೂ ನಕ್ಕೆ. ಅದು ಅಗೆಯೋದಕ್ಕಲ್ಲ ಕಣೋ ಎಂಬ ಮಾತು ನನ್ನ ಬಾಯಿಯ ತನಕ ಬಂದಿತ್ತು, ಮಗಳೇ. ದೇವರಾಣೆ ಬಂದಿತ್ತು. ಅವನ ಮುಖದ ಮೇಲಿನ ಹೆಮ್ಮೆ ನೋಡಿ, ನಾಳೆ ಆಫೀಸಿನಲ್ಲಿ ಮೇಸ್ತ್ರಿಗೇ ಹೇಳಿದರಾಯಿತು ಎಂದು ಸುಮ್ಮನಾದೆ. ಮರುದಿನ ಮೇಸ್ತ್ರಿ ಎದುರಿಗೆ ಸಿಕ್ಕಿ, ‘ಅಮ್ಮ, ಭಾರಿ ಉಪಕಾರ ಮಾಡಿದ್ರಿ’ ಎಂದು ಕೈಮುಗಿದ. ನಾನು ಉಬ್ಬಿಹೋದೆ. ಹೇಳಲಿಲ್ಲ.

ಹಿಟ್ಟಿನ ಗಿರಣಿಯ ಮೂಲೆಯಲ್ಲಿ ರಸ್ತೆಯಡಿ ಎರಡು ಕೇಬಲ್ ಇವೆ. ಒಂದು ಶಾಲೆಯ ಬದಿಗೆ, ಇನ್ನೊಂದು ಗಿರಣಿಯ ಗೋಡೆಗೆ ಅಂಟಿದ ಹಾಗೆ. ನನ್ನ ಜಡೆಯಲ್ಲಿ ಎರಡೂ ಶಾಲೆಯ ಬದಿಗೇ ಸೇರಿಕೊಂಡವು. ಗಿರಣಿಯ ಬದಿ ನಕ್ಷೆಯಲ್ಲಿ ಖಾಲಿ, ಬಿಳಿ ಕಾಗದ. ಅವತ್ತು ರಿಪೇರಿಗೆ ಬಂದದ್ದು ಶಾಲೆಯ ಬದಿಯದು, ಅದರ ಕರೆಂಟು ನಿಲ್ಲಿಸಿದ್ದರು. ಗಿರಣಿಯ ಬದಿಯದರಲ್ಲಿ ಹನ್ನೊಂದು ಸಾವಿರ ವೋಲ್ಟು ಹರಿಯುತ್ತಲೇ ಇತ್ತು. ಶಾಲೆಯ ಬದಿ ಮಕ್ಕಳ ಓಡಾಟ ಎಂದು ಅವರು ಖಾಲಿ ಕಂಡ ಬದಿಯಿಂದ ರಸ್ತೆಗೆ ಅಡ್ಡಲಾಗಿ ಗುಂಡಿ ತೆಗೆಯಲು ಶುರು ಮಾಡಿದರು. ಗುಂಡಿಯೊಳಗೆ ಇಳಿದು ಹಾರೆ ಹಾಕಿದ್ದು ಅವನು. ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಕಂಟ್ರೋಲ್ ರೂಮಿನ ಗೋಡೆಯ ಮೇಲೆ, ನನ್ನ ಚಂದದ ನಕ್ಷೆಯ ಪಕ್ಕದಲ್ಲೇ, ಕೆಂಪು ದೀಪ ಹತ್ತಿಕೊಂಡಿತು.

ಆಫೀಸಿನವರು ಬಂದು ಗಿರಣಿಯ ಮೂಲೆ ಎಂದ ತಕ್ಷಣ ನನಗೆ ತಿಳಿಯಿತು. ಯಾರು, ಏನು ಎಂದು ಅವರು ಹೇಳುವ ಮೊದಲೇ ಅಗೆತದ ಏಳನೆಯ ಹಾಳೆ ಕಣ್ಣ ಮುಂದೆ ಬಂತು. ಆಸ್ಪತ್ರೆಗೆ ಹೋಗುವ ಆಟೋದಲ್ಲಿ ನಾನು ಅಳಲಿಲ್ಲ, ಎಷ್ಟು ಅಡಿ ಸರಿದಿರಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಅಲ್ಲಿ ನಿನ್ನನ್ನು ನೋಡಿದಾಗ, ನಿನ್ನ ಮುಖದಲ್ಲಿ ಆ ಬೆಳಗಿನ ಜಗಳ ಇನ್ನೂ ಇರುವುದನ್ನು ನೋಡಿದಾಗ, ನನ್ನ ಬಾಯಿಂದ ಆ ಮಾತು ಬಂತು. ಗೊತ್ತಿಲ್ಲದೆ ಬಂದದ್ದಲ್ಲ. ನನ್ನ ತಲೆಯ ಮೇಲಿನದನ್ನು ಎತ್ತಿ ನಿನ್ನ ತಲೆಯ ಮೇಲೆ ಇಟ್ಟೆ.

ಇವತ್ತಿಗೆ ಇಲ್ಲಿಗೆ ನಿಲ್ಲಿಸುತ್ತೇನೆ. ನಾಡಿದ್ದು ಮಂಗಳವಾರ ವಿಚಾರಣೆಯ ಕೊನೆಯ ದಿನ. ಅಲ್ಲಿಗೆ ಹೋಗಿ ಬಂದು ಮುಂದುವರಿಸುತ್ತೇನೆ. ಈ ಹಾಳೆಗಳನ್ನು ಈಗಲೇ ಅಂಚೆಗೆ ಹಾಕಿದರೆ, ಬರೆದಿದ್ದೇನಲ್ಲ ಸಾಕು ಎಂದು ವಿಚಾರಣೆಗೆ ಹೋಗುವುದನ್ನು ತಪ್ಪಿಸಿಕೊಂಡೇನು. ನನ್ನನ್ನು ನಾನು ಅಷ್ಟು ಬಲ್ಲೆ.

ಮಂಗಳವಾರ, ಮಧ್ಯಾಹ್ನ ಮೂರು ಗಂಟೆ

ಹೋಗಿ ಬಂದೆ.

ನಿನ್ನೆ ಸಾಹೇಬರು ನನ್ನನ್ನು ತಮ್ಮ ಕೋಣೆಗೆ ಕರೆಸಿಕೊಂಡಿದ್ದರು. ಕೂರಿಸಿ, ಚಹಾ ತರಿಸಿ, ‘ನಿಮ್ಮ ಹೆಸರು ಬರೋದು ಬೇಡಮ್ಮ. ಮಗನ್ನ ಕಳ್ಕೊಂಡಿದ್ದೀರಿ, ಕೆಲಸಾನೂ ಕಳ್ಕೋಬೇಡಿ. ಎರಡು ವರ್ಷ ಇದೆ, ಮರ್ಯಾದೆಯಾಗಿ ನಿವೃತ್ತಿ ಆಗಿ’ ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು ಎಂದುಕೊಳ್ಳೋಣ. ‘ಹಾಗಾದ್ರೆ ನನ್ನ ಸೊಸೆ?’ ಅಂದೆ. ‘ವರದಿಯಲ್ಲಿ ಅವಳ ಹೆಸರೇನೂ ಇಲ್ವಲ್ಲಮ್ಮ. ಕೌಟುಂಬಿಕ ಚಿಂತೆ ಅಂತ ಇದೆ, ಅಷ್ಟೇ’ ಅಂದರು. ಚಹಾ ಹಾಗೇ ಬಿಟ್ಟು ಎದ್ದು ಬಂದೆ.

ಇವತ್ತು ಬೆಳಿಗ್ಗೆ ಏಳನೆಯ ಹಾಳೆಯನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋದೆ. ಸಭೆಯ ಕೋಣೆಯ ಉದ್ದ ಮೇಜಿನ ಆಚೆ ಮೂವರು. ನಡುವೆ ವಿಚಾರಣೆಗೆಂದು ಹೊರಗಿನಿಂದ ಬಂದ ಅಧಿಕಾರಿ, ನನಗಿಂತ ಹತ್ತು ವರ್ಷ ಚಿಕ್ಕವಳಾದ ಹೆಂಗಸು. ಈಚೆ ಬದಿಯಲ್ಲಿ ಸಾಹೇಬರು, ಮೇಸ್ತ್ರಿ, ನಾನು. ಮೃತನ ತಾಯಿ ಎಂದು ನನ್ನನ್ನು ಕರೆದಿದ್ದರು. ಹೇಳುವುದೇನಾದರೂ ಇದೆಯೇ ಎಂದು ಆಕೆ ಮೆಲ್ಲಗೆ ಕೇಳಿದಳು. ಅಳುತ್ತೇನೆ ಎಂದುಕೊಂಡಿರಬೇಕು, ನೀರಿನ ಲೋಟ ನನ್ನ ಕಡೆ ಸರಿಸಿದಳು.

‘ಮೃತನ ತಾಯಿ ಆಮೇಲೆ. ಮೊದಲು ನಕ್ಷೆ ಬರೆದವಳು ಮಾತಾಡ್ತೀನಿ’ ಅಂದೆ.

ಗೋಡೆ ನಕ್ಷೆಯ ಆ ಮೂಲೆಯನ್ನು ಅಗೆತದ ಹಾಳೆಯ ಅಳತೆಗೇ ದೊಡ್ಡದು ಮಾಡಿ ತಂದಿದ್ದೆ. ಎರಡನ್ನೂ ಒಂದರ ಮೇಲೊಂದು ಇಟ್ಟು ಕಿಟಕಿಯ ಗಾಜಿಗೆ ಹಿಡಿದೆ. ಗಿರಣಿ ಗಿರಣಿಯ ಮೇಲೆ ಕೂತಿತು, ಶಾಲೆ ಶಾಲೆಯ ಮೇಲೆ ಕೂತಿತು. ಗಿರಣಿ ಬದಿಯ ಕೇಬಲ್ ಮಾತ್ರ ಎರಡು ಕಡೆ ಕಂಡಿತು. ಆಕೆ ಎದ್ದು ಬಂದು, ಎರಡರ ನಡುವೆ ಬೆರಳಿಟ್ಟು, ‘ಇದು ನೆಲದ ಮೇಲೆ ಎಷ್ಟು?’ ಎಂದು ಕೇಳಿದಳು. ‘ಹತ್ತೊಂಬತ್ತು ಅಡಿ’ ಅಂದೆ. ಆಕೆ ಅದನ್ನು ಬರೆದುಕೊಂಡಳು.

ಆಮೇಲೆ ಆಕೆ ಕೇಳಿದಳು, ‘ಅಗೆಯಬಾರದು ಅನ್ನೋ ಸೂಚನೆ ತೆಗೀರಿ ಅಂತ ಯಾರಾದ್ರೂ ಹೇಳಿದ್ರಾ?’ ಸಾಹೇಬರು ನನ್ನ ಮುಖ ನೋಡಲಿಲ್ಲ, ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ಅವರ ತಲೆಗೆ ಕಟ್ಟಿಬಿಡುವುದು ಸುಲಭವಿತ್ತು. ಒಬ್ಬರ ತಲೆಗೆ ಕಟ್ಟಿ ಏನಾಗಿದೆ ಎಂದು ನೋಡಿದ್ದೇನಲ್ಲ. ‘ಅಕ್ಷರ ಜಾಸ್ತಿ ಅಂತ ಅವರಂದ್ರು. ಯಾವ ಅಕ್ಷರ ಹೋಗಬೇಕು ಅಂತ ಆರಿಸಿದ್ದು ನಾನು’ ಅಂದೆ. ನನ್ನ ಸೊಸೆಯ ಜಗಳಕ್ಕೂ ಇದಕ್ಕೂ ಸಂಬಂಧವಿಲ್ಲ, ಆಸ್ಪತ್ರೆಯಲ್ಲಿ ನಾನಾಡಿದ್ದು ಸುಳ್ಳು ಮಾತು ಎಂದೂ ಹೇಳಿದೆ. ಬರೆದುಕೊಳ್ಳಿ ಎಂದು ಎರಡು ಸಲ ಹೇಳಿ ಬರೆಸಿದೆ.

ಮೇಸ್ತ್ರಿ ಬಿಕ್ಕಿ ಬಿಕ್ಕಿ ಅತ್ತ. ‘ಆ ಕಾಗದ ಅವನ ಕೈಗೆ ಕೊಟ್ಟಿದ್ದು ನಾನೇ, ಹಾಳೆ ಬಿಚ್ಚೋಕೆ ಸೋಮಾರಿತನ ಮಾಡಿದೆ’ ಅಂದ. ಎರಡು ತಿಂಗಳಿಂದ ಅವನೂ ಊಟ ಬಿಟ್ಟವನ ಹಾಗೆ ಇಳಿದುಹೋಗಿದ್ದಾನೆ.

ಹೊರಗೆ ಬೆಂಚಿನ ಮೇಲೆ ಒಂದು ಗಂಟೆ ಕೂರಿಸಿದರು. ಆಮೇಲೆ ಒಳಗೆ ಕರೆದು ಓದಿ ಹೇಳಿದರು. ‘ಕೌಟುಂಬಿಕ ಚಿಂತೆ’ ಎಂಬ ಸಾಲನ್ನು ಹೊಡೆದು ಹಾಕಿದ್ದಾರೆ. ನನ್ನ ಕಣ್ಣೆದುರೇ ಗೆರೆ ಎಳೆದರು, ಎಳೆದದ್ದನ್ನು ನೋಡಿದೆ. ಇನ್ನು ಮೇಲೆ ಆ ಕಾಗದದಲ್ಲಿ ನಿನ್ನ ಸುಳಿವೂ ಇಲ್ಲ. ನನ್ನನ್ನು ಇವತ್ತಿನಿಂದಲೇ ಕೆಲಸದಿಂದ ಅಮಾನತು ಮಾಡಿದ್ದಾರೆ, ಗೋಡೆ ನಕ್ಷೆಯನ್ನು ಇಳಿಸುತ್ತಾರೆ. ಇದು ನ್ಯಾಯವೇ.

ಆದರೆ ಹೊಸದಾಗಿ ಒಂದು ಸಾಲು ಸೇರಿಸಿದ್ದಾರೆ. ‘ಮೃತನು ಅಗೆಯುವ ಮುನ್ನ ನಕ್ಷಾ ವಿಭಾಗವನ್ನು ವಿಚಾರಿಸಿ ಖಚಿತಪಡಿಸಿಕೊಂಡಿಲ್ಲ. ವಿಚಾರಿಸಿದ್ದರೆ ಅಪಘಾತ ತಪ್ಪಬಹುದಾಗಿತ್ತು.’ ನಿಯಮ ಹಾಗಿದೆಯಂತೆ, ಅನುಮಾನ ಬಂದರೆ ಕೇಳಬೇಕು ಎಂದು. ಆ ಅಧಿಕಾರಿ ಅದನ್ನು ಓದಿ, ‘ನೀವು ಇದಕ್ಕೇನಾದ್ರೂ ಹೇಳೋದಿದೆಯಾ?’ ಎಂದು ನನ್ನನ್ನೇ ಕೇಳಿದಳು. ನಾನು ಇಲ್ಲ ಎಂದು ತಲೆಯಾಡಿಸಿ ಸಹಿ ಹಾಕಿ ಬಂದೆ.

ನೀನು ಈ ಮನೆಗೆ ಬರಬೇಕು ಎಂದು ಕೇಳುವ ಹಕ್ಕು ನನಗಿಲ್ಲ. ನಿನ್ನ ಸಾಮಾನು ಎಲ್ಲಿದ್ದದ್ದು ಅಲ್ಲೇ ಇದೆ, ಬೀರುವನ್ನು ನಾನು ಮುಟ್ಟಿಲ್ಲ. ಬಂದು ತೆಗೆದುಕೊಂಡು ಹೋದರೂ ಸರಿ, ಬಂದು ಇದ್ದರೂ ಸರಿ, ನನ್ನ ಮುಖಕ್ಕೆ ಬೈದು ಹೋದರೂ ಸರಿ. ನಿನಗೆ ಮೂವತ್ತು ದಾಟಿಲ್ಲ. ಮುಂದೆ ಓದುತ್ತೀಯೋ, ದುಡಿಯುತ್ತೀಯೋ, ಇನ್ನೊಬ್ಬರ ಕೈ ಹಿಡಿಯುತ್ತೀಯೋ, ನನ್ನ ಮುಖ ನೋಡಿಕೊಂಡು ತೀರ್ಮಾನ ಮಾಡಬೇಡ. ಪುಟ್ಟಿಗೆ ಬುದ್ಧಿ ಬಂದು ಅಪ್ಪ ಹೇಗೆ ಹೋದ ಎಂದು ಕೇಳಿದಾಗ ಈ ಪತ್ರ ತೋರಿಸು. ಅಜ್ಜಿಯನ್ನು ಉಳಿಸಲು ಹೋಗಬೇಡ. ಅವಳ ಅಮ್ಮ ಜಗಳ ಆಡಿದ್ದಕ್ಕೆ ಅವಳಪ್ಪ ಹೋಗಲಿಲ್ಲ ಎಂಬುದು ಅವಳಿಗೆ ಗೊತ್ತಿರಬೇಕು.

ಚೆನ್ನಾಗಿ ಊಟ ಮಾಡು. ಮೊದಲ ಪತ್ರದಲ್ಲಿ ನಿದ್ದೆ ಬರುವುದಿಲ್ಲ ಎಂದಿದ್ದೆ, ಇನ್ನಾದರೂ ಬರಲಿ. ದೇವರು ನಿನ್ನನ್ನೂ ಮಗುವನ್ನೂ ತಣ್ಣಗೆ ಇಟ್ಟಿರಲಿ.

ಇಂತಿ,
ನಿನ್ನ ಅತ್ತೆ

ತಾ. ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಇದನ್ನು ಬರೆಯದೆ ಕಳಿಸಿದರೆ ಮೇಲೆ ಬರೆದದ್ದೆಲ್ಲ ಮತ್ತೊಂದು ಓರಣದ ನಕ್ಷೆಯಾಗುತ್ತದೆ.

ಅವನು ಕೇಳಿದ್ದ. ಆ ದಿನ ಹನ್ನೊಂದು ಗಂಟೆ ದಾಟಿ ಸ್ವಲ್ಪ ಹೊತ್ತಿಗೆ ನನ್ನ ಮೇಜಿನ ಫೋನ್ ಬಡಿಯಿತು. ‘ಅಮ್ಮಾ, ಗಿರಣಿ ಮೂಲೇಲಿದ್ದೀನಿ. ಇಲ್ಲಿ ಮಣ್ಣು ಸಡಿಲ ಇದೆ, ಯಾವತ್ತೋ ಒಂದ್ಸಲ ಅಗೆದು ಮುಚ್ಚಿದ ಹಾಗಿದೆ. ನಕ್ಷೆಯಲ್ಲಿ ಏನೂ ಇಲ್ಲ. ಕೆಳಗೇನಾದ್ರೂ ಇದೆಯಾ, ಒಂಚೂರು ನೋಡ್ತೀಯಾ?’ ಅಂದ. ಅವನ ದನಿಯಲ್ಲಿ ಜಗಳವೂ ಇರಲಿಲ್ಲ, ಚಿಂತೆಯೂ ಇರಲಿಲ್ಲ. ಗಮನವೆಲ್ಲ ಕಾಲ ಕೆಳಗಿನ ಮಣ್ಣಿನ ಮೇಲೇ ಇತ್ತು. ಏಳನೆಯ ಹಾಳೆ ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿತ್ತು, ಏಳಬೇಕಿತ್ತು ಅಷ್ಟೇ. ನಾನು ಇನ್ನೊಂದು ಬಡಾವಣೆಯ ಜಡೆ ಹೆಣೆಯುತ್ತಿದ್ದೆ, ಪರದೆಯಿಂದ ಕಣ್ಣು ತೆಗೆಯಲಿಲ್ಲ. ಅವನ ಫೋನು ಅವನ ಜೊತೆಯೇ ಸುಟ್ಟುಹೋಯಿತು. ಹಾಗಾಗಿ ಅವನು ಕೇಳಿದ್ದು ನನ್ನೊಬ್ಬಳಿಗೆ ಮಾತ್ರ ಗೊತ್ತು, ಈಗ ನಿನಗೆ. ನಾಳೆ ಹೋಗಿ ಆ ಅಧಿಕಾರಿಗೂ ಹೇಳುತ್ತೇನೆ, ಹಾಕಿದ ಸಹಿಯನ್ನು ಹೊಡೆದು ಹಾಕಿ ಬರುತ್ತೇನೆ.

‘ನಕ್ಷೆಯಲ್ಲಿ ಇಲ್ಲ ಅಂದ್ರೆ ಇಲ್ಲ ಕಣೋ. ಬರೆದಿದ್ದು ನಾನಲ್ವಾ? ಅಗಿ’ ಅಂದೆ.

‘ಆಯ್ತಮ್ಮ’ ಎಂದು ಫೋನ್ ಇಟ್ಟ.